ಸಂಡೂರಿನ ಬೆಳಕು, ನಮ್ಮ ಕುರುಡು

ಕರ್ನಾಟಕದ ವನ್ಯಜೀವಿ ಛಾಯಾಗ್ರಹಣದ ಬಗ್ಗೆ ಒಂದು ತೀರ್ಪು ಬಹಳ ವರ್ಷಗಳಿಂದ ಓಡಾಡುತ್ತಿದೆ. ಎಂ.ವೈ. ಘೋರ್ಪಡೆ ಅವರ ಹೆಸರೆತ್ತಿದರೆ ಸಾಕು, 'ಅವರಿಗೇನು, ಅರಸುಮನೆತನದವರು. ದುಡ್ಡಿತ್ತು, ಜೀಪಿತ್ತು, ಬಿಡುವಿತ್ತು, ಚಂದದ ಚಿತ್ರ ತೆಗೆದರು' ಎಂದು ಮಾತು ಮುಗಿಸುತ್ತಾರೆ. ಸಲೋನ್ ಎಂಬ ಸ್ಪರ್ಧಾ ಪ್ರದರ್ಶನಗಳಿಗಾಗಿ ಚಿತ್ರ ತೆಗೆದ ಇಡೀ ಪರಂಪರೆಯನ್ನೂ ಅದೇ ಉಸಿರಿನಲ್ಲಿ ಶೋಕಿ ಎಂದು ತಳ್ಳಿಹಾಕುತ್ತಾರೆ. ಈ ತೀರ್ಪು ಕೊಡುವವರಲ್ಲಿ ಹೆಚ್ಚಿನವರು ಘೋರ್ಪಡೆಯವರ ಒಂದು ಚಿತ್ರದ ಮುಂದೆ ಐದು ನಿಮಿಷ ನಿಂತವರಲ್ಲ. ಛಾಯಾಗ್ರಾಹಕನ ಹುಟ್ಟನ್ನು ನೋಡಿ ಚಿತ್ರಕ್ಕೆ ಬೆಲೆ ಕಟ್ಟುವ ಈ ಸೋಮಾರಿತನ ನನಗೆ ಸಹಿಸಲಾಗದು.

ಹುಟ್ಟಿನ ಮಾತನ್ನೇ ಮೊದಲು ಮುಗಿಸೋಣ. ಮುರಾರಿರಾವ್ ಯಶವಂತರಾವ್ ಘೋರ್ಪಡೆ 1931ರಲ್ಲಿ ಸಂಡೂರಿನ ರಾಜಮನೆತನದಲ್ಲಿ ಹುಟ್ಟಿದರು. 1949ರಲ್ಲಿ ಸಂಸ್ಥಾನ ಮದ್ರಾಸ್ ಪ್ರಾಂತ್ಯದಲ್ಲಿ ವಿಲೀನವಾದಾಗ ಅವರಿಗೆ ಹದಿನೇಳು ವರ್ಷ. ಗದ್ದುಗೆ ಏರುವ ವಯಸ್ಸಿಗೆ ಗದ್ದುಗೆಯೇ ಇರಲಿಲ್ಲ. ಕೇಂಬ್ರಿಜ್‌ನಲ್ಲಿ ಅರ್ಥಶಾಸ್ತ್ರ ಓದಿ ಬಂದು, ಮತ ಕೇಳಿ ಶಾಸಕರಾದರು. ದೇವರಾಜ ಅರಸರ ಸಂಪುಟದಲ್ಲಿ ಹಣಕಾಸು ಸಚಿವರಾದರು, ಮುಂದೆ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆ ನಡೆಸಿದರು. 2011ರಲ್ಲಿ ತೀರಿಕೊಂಡರು. ಬಜೆಟ್ಟು, ಕಡತ, ಚುನಾವಣೆಗಳ ನಡುವೆ ಬದುಕಿದವರಿಗೆ 'ಬಿಡುವಿತ್ತು' ಎನ್ನುವುದು ಲೆಕ್ಕಕ್ಕೆ ಸಿಗದ ಮಾತು.

ಅದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. 1940ರ ದಶಕದಲ್ಲಿ ಸಂಡೂರು ಸಂಸ್ಥಾನದಲ್ಲಿ ಮದ್ರಾಸಿನಿಂದ ಬಂದ ಒಬ್ಬ ನೌಕರರಿದ್ದರು, ಎಂ. ಕೃಷ್ಣನ್. ತಮಿಳು ಕಾದಂಬರಿಕಾರ ಮಾಧವಯ್ಯನವರ ಮಗ. ಸಂಸ್ಥಾನದಲ್ಲಿ ಒಂದಲ್ಲ ಒಂದು ಹುದ್ದೆ ಮಾಡುತ್ತಾ ಸುತ್ತಲಿನ ಗುಡ್ಡಗಳ ಹಕ್ಕಿ, ಪ್ರಾಣಿ, ಗಿಡಗಳನ್ನು ನೋಡುತ್ತಾ ತಿರುಗಿದವರು. ಮುಂದೆ 'ಸ್ಟೇಟ್ಸ್‌ಮನ್' ಪತ್ರಿಕೆಯಲ್ಲಿ 1950ರಿಂದ 1996ರಲ್ಲಿ ತೀರಿಕೊಳ್ಳುವ ತನಕ ಅಂಕಣ ಬರೆದರು. ಅಲ್ಲೊಂದು ಇಲ್ಲೊಂದು ಭಾಗ ಸೇರಿಸಿ ತಾವೇ ಕಟ್ಟಿಕೊಂಡ ಭಾರದ ಕ್ಯಾಮೆರಾಕ್ಕೆ 'ಸೂಪರ್ ಪಾಂಡರೋಸಾ' ಎಂದು ಹೆಸರಿಟ್ಟು, ಕೊನೆಯವರೆಗೂ ಕಪ್ಪು-ಬಿಳುಪಿನಲ್ಲೇ ಕೆಲಸ ಮಾಡಿದರು. ಕೃಷ್ಣನ್ ಸಂಡೂರಿನಲ್ಲಿದ್ದ ವರ್ಷಗಳೇ ಘೋರ್ಪಡೆ ಹುಡುಗನಾಗಿ ಬೆಳೆಯುತ್ತಿದ್ದ ವರ್ಷಗಳು. ಅವರೂ ಕಪ್ಪು-ಬಿಳುಪನ್ನೇ ಹಿಡಿದರು, ಪ್ರಾಣಿಯನ್ನು ಅದರ ನೆಲದ ಜೊತೆಗೇ ನೋಡಿದರು. ಸಂಡೂರಿನ ದೃಷ್ಟಿ ಅರಮನೆಯ ಪಡಸಾಲೆಯಲ್ಲಿ ಹುಟ್ಟಿದ್ದಲ್ಲ. ಸಂಬಳಕ್ಕೆ ದುಡಿದು, ಗುಡ್ಡ ಹತ್ತಿ ಇಳಿದ ಒಬ್ಬ ನೌಕರನ ಕಣ್ಣಿಗೆ ಅದು ಋಣಿ. ಶೋಕಿ ಎನ್ನುವವರು ಮೊದಲು ಈ ಋಣವನ್ನು ಓದಿಕೊಳ್ಳಲಿ.

ಇನ್ನು ಚಿತ್ರಗಳಿಗೆ ಬರೋಣ. 1983ರಲ್ಲಿ ಬಂದ ಘೋರ್ಪಡೆಯವರ 'ಸನ್‌ಲೈಟ್ ಅಂಡ್ ಶ್ಯಾಡೋಸ್' ಪುಸ್ತಕದ ಹೆಸರೇ ಅವರ ಕಾವ್ಯಮೀಮಾಂಸೆ. ಕಾಡಾನೆಯನ್ನು ಕಪ್ಪು-ಬಿಳುಪಿನಲ್ಲಿ ಹಿಡಿಯುವುದು ಎಷ್ಟು ಕಷ್ಟ ಎಂಬುದು ಡಾರ್ಕ್‌ರೂಮಿನಲ್ಲಿ ಕೈ ನೆನೆಸಿದವರಿಗೆ ಗೊತ್ತು. ಮಧ್ಯಾಹ್ನದ ಬಿಸಿಲಿಗೆ ಆನೆಯ ಬೆನ್ನು ಬೆಳ್ಳಗೆ ಸುಟ್ಟುಹೋಗುತ್ತದೆ, ಹೊಟ್ಟೆಯ ಕೆಳಗಿನ ನೆರಳು ಮಸಿಯಾಗುತ್ತದೆ. ಬೆಳಕಿಗೆ ಎಕ್ಸ್‌ಪೋಸ್ ಮಾಡಿದರೆ ಚರ್ಮದ ಸುಕ್ಕು ಸಾಯುತ್ತದೆ. ನೆರಳಿಗೆ ಮಾಡಿದರೆ ಹಿಂದಿನ ಹುಲ್ಲು, ಆಕಾಶ ಎಲ್ಲ ಕರಗಿಹೋಗುತ್ತವೆ. ಹಾಗಾಗಿ ಓರೆಬಿಸಿಲಿಗೆ ಕಾಯಬೇಕು. ಕಾದು ತೆಗೆದ ನೆಗೆಟಿವ್ ಅರ್ಧ ಕೆಲಸ ಮಾತ್ರ. ಎನ್‌ಲಾರ್ಜರಿನ ಕೆಳಗೆ ಅಂಗೈಯನ್ನು ಆಡಿಸುತ್ತಾ ಒಂದು ಕಡೆ ಬೆಳಕು ತಡೆದು, ಇನ್ನೊಂದು ಕಡೆ ನಾಲ್ಕು ಸೆಕೆಂಡ್ ಹೆಚ್ಚು ಸುರಿಸಿ, ಟ್ರೇಯ ದ್ರಾವಣದಲ್ಲಿ ಕಾಗದ ನಿಧಾನವಾಗಿ ಕಪ್ಪಾಗುವುದನ್ನು ಕೆಂಪು ದೀಪದಲ್ಲಿ ನೋಡುತ್ತಾ ಸರಿಯಾದ ಗಳಿಗೆಗೆ ಎತ್ತಬೇಕು. ಅರಸುಮನೆತನ ಇಲ್ಲಿ ಯಾವ ರಿಯಾಯಿತಿಯನ್ನೂ ಕೊಡಿಸುವುದಿಲ್ಲ. ಅಂತಾರಾಷ್ಟ್ರೀಯ ಛಾಯಾಚಿತ್ರ ಕಲಾ ಒಕ್ಕೂಟ, ಅಂದರೆ ಫಿಯಾಪ್, ಅವರಿಗೆ ಮಾಸ್ಟರ್ ಪದವಿ ಕೊಟ್ಟಿದ್ದು ವಂಶಾವಳಿ ನೋಡಿ ಅಲ್ಲ.

ಈ ಪರಂಪರೆಯಲ್ಲಿ ಬೆಂಗಳೂರಿನ ಇ. ಹನುಮಂತರಾವ್, ಸಿ. ರಾಜಗೋಪಾಲ್, ಟಿ.ಎನ್.ಎ. ಪೆರುಮಾಳ್ ಅವರಂಥ ದೊಡ್ಡವರಿದ್ದಾರೆ. ಹಕ್ಕಿಯ ಚಿತ್ರದಲ್ಲಿ ಪೆರುಮಾಳರ ಕೈಚಳಕ ಘೋರ್ಪಡೆಯವರಿಗಿಂತ ಮೇಲು ಎಂದು ಯಾರಾದರೂ ವಾದಿಸಿದರೆ ನಾನು ಜಗಳಕ್ಕೆ ಬರುವುದಿಲ್ಲ. ಆದರೂ ನನ್ನ ಮನಸ್ಸು ವಾಲುವುದು ಸಂಡೂರಿನ ಕಡೆಗೇ. ಕೈಚಳಕದ ಚಿತ್ರ ಪ್ರಾಣಿಯನ್ನು ತೋರಿಸುತ್ತದೆ. ಘೋರ್ಪಡೆಯವರದು ಪ್ರಾಣಿ ನಿಂತ ಹೊತ್ತನ್ನೂ ನೆಲವನ್ನೂ ತೋರಿಸುತ್ತದೆ. ಕಲೆಯಲ್ಲಿ ನಾನು ಹುಡುಕುವುದು ಇದನ್ನೇ. ಇದನ್ನು ಪಕ್ಷಪಾತ ಎನ್ನುವವರು ಎನ್ನಲಿ.

ಗಣಿಯ ಮಾತು ತೆಗೆಯುವವರಿದ್ದಾರೆ. 1954ರಲ್ಲಿ ಶುರುವಾದ ಘೋರ್ಪಡೆ ಮನೆತನದ ಕಂಪನಿ ಅದೇ ಸಂಡೂರಿನ ಗುಡ್ಡಗಳಿಂದ ಮ್ಯಾಂಗನೀಸ್, ಕಬ್ಬಿಣದ ಅದಿರು ತೆಗೆದಿದೆ. ಅದಿರಿನ ದುಡ್ಡಿನಲ್ಲಿ ಕಾಡಿನ ಚಿತ್ರ ತೆಗೆದರು ಎಂಬ ಆಕ್ಷೇಪ ಹಗುರವಾದದ್ದಲ್ಲ, ಅದನ್ನು ಚರ್ಚಿಸಲೇಬೇಕು. ಆದರೆ ಅದು ಗಣಿ ನೀತಿಯ ಚರ್ಚೆ. ದೊರೆಗಳ ಆಶ್ರಯದಲ್ಲಿ ಕಟ್ಟಿದ ದೇವಾಲಯಗಳನ್ನು ನಾವು ಶಿಲ್ಪಕ್ಕಾಗಿ ನೋಡುತ್ತೇವೆ, ಕಂದಾಯದ ಲೆಕ್ಕಕ್ಕಾಗಿ ಅಲ್ಲ. ಛಾಯಾಚಿತ್ರಕ್ಕೆ ಮಾತ್ರ ಬೇರೆ ಅಳತೆಗೋಲು ಏಕೆ?

ಸಲೋನ್ ಪರಂಪರೆಯ ಮೇಲೆ ಹೊರಿಸಬೇಕಾದ ನಿಜವಾದ ಆರೋಪ ಬೇರೆಯೇ ಇದೆ. ನಿಸರ್ಗ ವಿಭಾಗದ ಚಿತ್ರದಲ್ಲಿ ಮನುಷ್ಯನ ಗುರುತು ಕಾಣಬಾರದು ಎಂಬ ಸ್ಪರ್ಧೆಯ ಕಟ್ಟಳೆ ನಮ್ಮ ಕಣ್ಣನ್ನೇ ತಿದ್ದಿಬಿಟ್ಟಿತು. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯವನ್ನೇ ನೋಡಿ. 1974ರಲ್ಲಿ ಘೋಷಣೆಯಾದ, 119 ಚದರ ಕಿಲೋಮೀಟರಿನ ಜಾಗ. ಕುಪ್ಪೇಲೂರಿನಿಂದ ಹಿಡಿದು ತಾಲ್ಲೂಕಿನ ಯಾವ ಊರಿನ ರೈತನನ್ನು ಕೇಳಿದರೂ ಚಿಗರಿ, ಅಂದರೆ ಕೃಷ್ಣಮೃಗ, ಎಂದರೆ ಗೋವಿನಜೋಳದ ಎಳೆಬೆಳೆಯ ಮಾತು ಬರುತ್ತದೆ. ಚಿಗರಿ ಬದುಕುವುದು ಕುರಿಗಾಹಿಯ ಕಣ್ಣೆದುರು, ಬದುವಿನ ಅಂಚಿನಲ್ಲಿ, ನೆಟ್ಟ ನೀಲಗಿರಿಯ ಸಾಲಿನಲ್ಲಿ. ಒಂದು ಕಾಲಕ್ಕೆ ಹೆಸರಾಗಿದ್ದ ಎರೆಭೂತ ಹಕ್ಕಿ ಇಲ್ಲಿಂದ ಮರೆಯಾಯಿತು. ಆ ಬಯಲಿನ ಕಥೆಯಲ್ಲಿ ಮನುಷ್ಯನನ್ನು ಬಿಟ್ಟರೆ ಏನು ಉಳಿಯುತ್ತದೆ? ಆದರೂ ಪ್ರಶಸ್ತಿಗೆ ಹೋಗುವ ಚಿತ್ರದಲ್ಲಿ ಚಿಗರಿ ಯಾರೂ ಇಲ್ಲದ ಲೋಕದಲ್ಲಿ ನೆಗೆಯುತ್ತದೆ.

ಈಗಿನ ಡಿಜಿಟಲ್ ಕಾಲ ಈ ದೋಷವನ್ನು ಇಮ್ಮಡಿ ಮಾಡಿದೆ. ಉದ್ದನೆಯ ಲೆನ್ಸು, ಸೆಕೆಂಡಿಗೆ ಇಪ್ಪತ್ತು ಚಿತ್ರ, ಹಿನ್ನೆಲೆ ಪೂರ್ತಿ ಮಸುಕು, ರೆಕ್ಕೆಯ ಒಂದೊಂದು ಎಳೆಯೂ ಚೂಪು. ಆ ಹಕ್ಕಿ ನಮ್ಮ ಹಾವೇರಿಯದೋ, ಕಛ್‌ನದೋ ಎಂದು ಚಿತ್ರ ನೋಡಿ ಹೇಳಲಾಗದು. ನೆಲವನ್ನೇ ಅಳಿಸಿದ ಈ ಅಭಿರುಚಿಗೆ ಹೋಲಿಸಿದರೆ ಸಂಡೂರಿನ ದೃಷ್ಟಿ ಇವತ್ತಿಗೂ ಮುಂದಿದೆ. ಇದೇ ನಾಡಿನ ಕೃಪಾಕರ-ಸೇನಾನಿ ಸೀಳುನಾಯಿಗಳ ಬೆನ್ನುಹತ್ತಿ ವರ್ಷಗಟ್ಟಲೆ ಕಾಡಿನಲ್ಲಿ ಕೂತು ಚಲನಚಿತ್ರ ಮಾಡಿದರು. ಹಸಿರು ಆಸ್ಕರ್ ಎನಿಸಿದ ಪಾಂಡಾ ಪ್ರಶಸ್ತಿ ಗೆದ್ದರು. ಕಾಯುವಿಕೆಯನ್ನೇ ಕಲೆ ಮಾಡಿಕೊಂಡ ಈ ಗುಣವನ್ನು ನಾನು ಕೃಷ್ಣನ್-ಘೋರ್ಪಡೆಯವರ ಸಾಲಿನಲ್ಲೇ ಇಡುತ್ತೇನೆ.

ಕೊನೆಗೆ ಜಗಳ ನಮ್ಮ ವಿಮರ್ಶೆಯ ಜೊತೆಗೇ. ಕುಮಾರವ್ಯಾಸನ ಒಂದು ರೂಪಕವನ್ನು ಗಂಟೆಗಟ್ಟಲೆ ಬಿಡಿಸುವ, ನವ್ಯ-ಬಂಡಾಯಗಳ ಎಳೆ ಎಳೆಯನ್ನೂ ತೂಗಿ ನೋಡುವ ಕನ್ನಡ ಮನಸ್ಸು ಛಾಯಾಚಿತ್ರದ ಮುಂದೆ ಮೂಕವಾಗುತ್ತದೆ. ತೇಜಸ್ವಿಯವರ ಹಕ್ಕಿಯ ಚಿತ್ರಗಳನ್ನೂ ಅವರ ಗದ್ಯಕ್ಕೆ ಅಂಟಿದ ಹವ್ಯಾಸವೆಂದೇ ನೋಡಿದೆವು. ಬೆಳಕು, ನೆರಳು, ಚೌಕಟ್ಟುಗಳ ಬಗ್ಗೆ ಮಾತಾಡಲು ಕಲಿಯದ ಕಾರಣ ಜಾತಿ, ಆಸ್ತಿ, ಮನೆತನಗಳ ಬಗ್ಗೆ ಮಾತಾಡುತ್ತೇವೆ. ಅದು ಸುಲಭ, ಅದಕ್ಕೆ ಕಣ್ಣು ಬೇಕಾಗಿಲ್ಲ. ನಮ್ಮ ವಿಶ್ವವಿದ್ಯಾಲಯಗಳು, ಅಕಾಡೆಮಿಗಳು ಘೋರ್ಪಡೆ, ಪೆರುಮಾಳ್, ರಾಜಗೋಪಾಲರ ಮೂಲ ಪ್ರಿಂಟುಗಳನ್ನು ಜಿಲ್ಲೆ ಜಿಲ್ಲೆಗೆ ತರಲಿ, ಹಾವೇರಿಗೂ ತರಲಿ. ಕನ್ನಡದಲ್ಲಿ ಅವುಗಳ ಬಗ್ಗೆ ಪುಸ್ತಕ ಬರೆಸಲಿ. ಆಮೇಲೆ ಯಾರಾದರೂ ಆ ಚಿತ್ರಗಳ ಮುಂದೆ ನಿಂತು, ಇದು ಸೋತದ್ದು ಇಲ್ಲಿ, ಈ ನೆರಳಿನಲ್ಲಿ ಎಂದು ಬೆರಳಿಟ್ಟು ತೋರಿಸಿದರೆ ನಾನು ಒಪ್ಪುತ್ತೇನೆ. ನೋಡದೆ ಕೊಟ್ಟ ತೀರ್ಪನ್ನು ಮಾತ್ರ ಒಪ್ಪಲಾರೆ.