ಕಾಯುವವನೇ ವೀರ

ಪಂಪ ಅರ್ಜುನನಲ್ಲಿ ಅರಿಕೇಸರಿಯನ್ನು ಕಂಡ. ರನ್ನ ಭೀಮನಲ್ಲಿ ಸತ್ಯಾಶ್ರಯನನ್ನು ಕಂಡ. ಸೋಲುವ ದುರ್ಯೋಧನನೇ ಓದುಗರ ಮನಸ್ಸು ಗೆದ್ದರೂ ರನ್ನನ ಕಾವ್ಯದ ಪಟ್ಟ ಮಾತ್ರ ಗೆದ್ದ ಭೀಮನಿಗೇ. ಆಸ್ಥಾನದ ಕಾವ್ಯಕ್ಕೆ ವೀರನೆಂದರೆ ಗೆಲ್ಲುವವನು. ಇದೇ ಅಳತೆಗೋಲು ಹಿಡಿದು ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಮೌಖಿಕ ಮಹಾಕಾವ್ಯಗಳನ್ನು ಓದಲಾಗದು.

ಕಾಡುಗೊಲ್ಲರು ಹಾಡುವ ಜುಂಜಪ್ಪ ದನಗಾಹಿ. ಅವನ ಹೆಸರಿನೊಡನೆ ನೆನಪಾಗುವುದು ಕತ್ತಿಯಲ್ಲ, ಗಣೆಯೆಂಬ ಉದ್ದನೆಯ ಬಿದಿರಿನ ವಾದ್ಯ ಮತ್ತು ಬಡಮೈಲಿ ಎಂಬ ಗೂಳಿ. ಅವನು ಸಾಯುವುದು ರಣರಂಗದಲ್ಲಲ್ಲ, ಸೋದರಮಾವಂದಿರು ಇಕ್ಕಿದ ವಿಷದಿಂದ. ಮ್ಯಾಸಬೇಡರ ಗಾದ್ರಿಪಾಲನಾಯಕ ಹುಲಿಯೊಡನೆ ಸೆಣಸಿ ಮಡಿದವನು. ಆದರೆ ಚಿತ್ರದುರ್ಗ ಬಳಿಯ ಮಿಂಚೇರಿಯಲ್ಲಿ ಅವನ ಸಮಾಧಿಯೊಂದಿಗೆ ಹುಲಿರಾಯನ ಸಮಾಧಿಗೂ ಪೂಜೆ ಸಲ್ಲುತ್ತದೆ. ಎದುರಾಳಿಗೂ ಗೌರವ ಕೊಡುವ ಈ ಗುಣ ದಿಗ್ವಿಜಯದ ಕಾವ್ಯಗಳಲ್ಲಿ ಅಪರೂಪ. ಕಿಲಾರಿಗಳು ಇಂದಿಗೂ ದೇವರ ಎತ್ತುಗಳನ್ನು ಕಾಯುತ್ತಿರುವುದು ಈ ಕಾವ್ಯಲೋಕದ ಮುಂದುವರಿಕೆಯೇ ಆಗಿದೆ.

ಇಲ್ಲಿ ವೀರನೆಂದರೆ ಕಾಯುವವನು. ಪ್ರವಾದಿ ಮುಹಮ್ಮದರೂ ಎಳೆಯ ವಯಸ್ಸಿನಲ್ಲಿ ಕುರಿ ಕಾಯ್ದವರೆಂಬುದನ್ನು ಬಲ್ಲ ಓದುಗರಿಗೆ ಈ ಆದರ್ಶ ಅಪರಿಚಿತವೆನಿಸದು. ದುರ್ಬಲವಾದದ್ದನ್ನು ಹಿಂದೆ ಬಿಟ್ಟು ಹೋಗದಿರುವುದೇ ಗಾಹಿಯ ಧರ್ಮ.

ಹಾಗೆಂದು ಈ ಕಾವ್ಯಗಳನ್ನು ಸುಮ್ಮನೆ ಕೊಂಡಾಡಿದರೂ ಸಾಲದು. ಚಳ್ಳಕೆರೆ ತಾಲ್ಲೂಕಿನ ನಿರಕ್ಷರಿ ಗಾಯಕಿ ಸಿರಿಯಜ್ಜಿಯ ಹಾಡುಗಳನ್ನು ಕೃಷ್ಣಮೂರ್ತಿ ಹನೂರು ಸಂಗ್ರಹಿಸಿದ್ದರಿಂದ ಇಲ್ಲಿನ ಹೆಣ್ಣುದನಿ ನಾಡಿಗೆ ಕೇಳಿಸಿತು. ಆದರೆ ವೀರನ ಹೆಸರಿನಲ್ಲೇ ಮಡಿ ಕಾಯುವ ಹಟ್ಟಿಗಳು ಮುಟ್ಟಾದವರನ್ನೂ ಬಾಣಂತಿಯರನ್ನೂ ಊರಾಚೆ ಇರಿಸಿದ ಸಂಪ್ರದಾಯವೂ ಇದೆ. ದನ ಕಾಯ್ದ ವೀರನ ಭಕ್ತರು ಹಸುಗೂಸನ್ನು ಮಳೆಚಳಿಗೆ ಬಿಟ್ಟರೆ ಆ ಕಾವ್ಯವನ್ನು ಹಾಡಿದಂತಾಯಿತೇ ಹೊರತು ಕೇಳಿದಂತಾಗಲಿಲ್ಲ.

ಪ್ರಭುತ್ವವೂ ಕೇಳಿಸಿಕೊಂಡಿಲ್ಲ. ಮೈಸೂರು ಒಡೆಯರ ಬೆಣ್ಣೆ ಚಾವಡಿ ಟಿಪ್ಪು ಸುಲ್ತಾನನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆಯಿತು. ಆ ಹೆಸರಿನ ಚಳ್ಳಕೆರೆಯ ಕಾವಲುಗಳು ದನಕುರಿಗಳ ಮೇವಿನ ನೆಲ. 2008ರಿಂದೀಚೆಗೆ ಅಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ರಕ್ಷಣಾ ಸಂಶೋಧನಾ ಸಂಸ್ಥೆಗೆ 4,000ಕ್ಕೂ ಹೆಚ್ಚು ಎಕರೆ ಕೊಡಲಾಯಿತು. ಗೋಡೆಗಳೆದ್ದವು, ಕುರಿಗಾಹಿಗಳ ದಾರಿ ಮುಚ್ಚಿತು. ಜನ ಹಸಿರು ನ್ಯಾಯಮಂಡಳಿಯ ಬಾಗಿಲು ತಟ್ಟಬೇಕಾಯಿತು.

ವಿಶ್ವವಿದ್ಯಾಲಯಗಳು ಜುಂಜಪ್ಪನನ್ನು ಪುಸ್ತಕದಲ್ಲಿ ಉಳಿಸಿವೆ, ಅದು ದೊಡ್ಡ ಕೆಲಸ. ಆದರೆ ಮೇಯಿಸಲು ನೆಲವಿಲ್ಲದ ಮೇಲೆ ಗಾಹಿಯ ಮಹಾಕಾವ್ಯವನ್ನು ಯಾರು, ಯಾರಿಗಾಗಿ ಹಾಡಬೇಕು?