ಅಕ್ರೋಟು ಎಲೆಯ ಗುಣ: ತಳಿಭೇದದ ಪ್ರಶ್ನೆ

ಅಕ್ರೋಟಿನ ಎಲೆಗಳಲ್ಲಿರುವ ಉತ್ಕರ್ಷಣ ನಿರೋಧಕ ದ್ರವ್ಯಗಳು ತಳಿಯಿಂದ ತಳಿಗೆ ಹೇಗೆ ಭೇದಿಸುತ್ತವೆಂಬುದನ್ನು ಕುರಿತು 2007ರಲ್ಲಿ ಪ್ರಕಟವಾದ ಪೋರ್ಚುಗಲಿನ ಸಂಶೋಧನೆಯು ಗಮನಾರ್ಹವಾದುದು. ಲಾರಾ, ಫ್ರಾಂಕೆಟ್, ಮೇಯೆಟ್, ಮಾರ್ಬೋ, ಮೆಲ್ಲಾನೇಸ್, ಪಾರಿಸಿಯೆನ್ ಎಂಬ ಆರು ತಳಿಗಳ ಎಲೆಗಳಲ್ಲಿ 10 ಫೀನಾಲ್ ಸಂಯುಕ್ತಗಳನ್ನು ಸಂಶೋಧಕರು ಗುರುತಿಸಿ ಅಳೆದಿದ್ದಾರೆ. ಉತ್ಕರ್ಷಣ ನಿರೋಧಕ ಶಕ್ತಿಯನ್ನು ಮೂರು ಭಿನ್ನ ವಿಧಾನಗಳಿಂದ ಪರೀಕ್ಷಿಸಿರುವುದು ಈ ಲೇಖನದ ಮುಖ್ಯ ಗುಣ. ಏಕೈಕ ಸಾಕ್ಷ್ಯವನ್ನು ನಂಬದ ಈ ಎಚ್ಚರ ಇತಿಹಾಸದ ಅಭ್ಯಾಸಿಗಳಾದ ನಮಗೂ ಮೆಚ್ಚಿಗೆಯಾಗುತ್ತದೆ. ಆರು ತಳಿಗಳೂ ಪ್ರಬಲವೆಂದೂ, ಲಾರಾ ಅವುಗಳಲ್ಲಿ ಅಗ್ರಗಣ್ಯವೆಂದೂ ಅವರ ನಿರ್ಣಯ.

ಆದರೆ ಈ ಅಗ್ರಸ್ಥಾನವು ತಳಿಗೆ ಮಾತ್ರ ಸೇರಿದುದೆ? ಫೀನಾಲುಗಳ ಪ್ರಮಾಣವು ಎಲೆಯ ವಯಸ್ಸು, ಕೊಯ್ದ ತಿಂಗಳು, ಬಿಸಿಲು, ಮಣ್ಣು ಇವುಗಳಿಂದಲೂ ಬದಲಾಗತಕ್ಕದ್ದು. ಫ್ರಾನ್ಸಿನಲ್ಲಿ 1938ರಲ್ಲಿ ಗ್ರೆನೋಬಲ್ ಅಕ್ರೋಟಿಗೆ ದೊರೆತ ಸ್ಥಳನಾಮದ ಮಾನ್ಯತೆಯು ಫ್ರಾಂಕೆಟ್, ಮೇಯೆಟ್, ಪಾರಿಸಿಯೆನ್ ತಳಿಗಳನ್ನು ನೆಲದೊಡನೆ ಸೇರಿಸಿಯೇ ಗುರುತಿಸಿತೆಂಬುದು ಸ್ಮರಣೀಯ. ಒಂದೇ ತೋಟದ ಮರಗಳನ್ನು ಹಲವು ವರ್ಷ, ಹಲವು ತಿಂಗಳು ಹೋಲಿಸಿ ನೋಡುವವರೆಗೆ ಇಂತಹ ಕ್ರಮಾಂಕವನ್ನು ತಳಿಯ ಶಾಶ್ವತ ಲಕ್ಷಣವೆಂದು ಓದುಗರು ಸ್ವೀಕರಿಸಲಾಗದು.

ಇನ್ನೊಂದು ಮಾತು. ಗಾಜಿನ ನಳಿಕೆಯಲ್ಲಿ ಕಂಡ ಗುಣವು ದೇಹದಲ್ಲಿಯೂ ಫಲಿಸುವುದೆಂಬುದಕ್ಕೆ ಬೇರೆ ಪ್ರಮಾಣ ಬೇಕು. ಇಂಗ್ಲೆಂಡಿನ ವಿಲಿಯಂ ಕೋಲ್ಸ್ 1657ರಲ್ಲಿ ಅಕ್ರೋಟಿನ ತಿರುಳು ಮಿದುಳನ್ನು ಹೋಲುವುದರಿಂದ ಅದು ತಲೆಗೆ ಹಿತವೆಂದು ಬರೆದನು. ಸಾದೃಶ್ಯವು ಅಂದು ಪ್ರಮಾಣದ ಪೀಠವನ್ನೇರಿತ್ತು. ಇಂದು ಅಂಕಿಯು ಆ ಪೀಠವನ್ನು ಏರದಂತೆ ನೋಡಿಕೊಳ್ಳುವುದು ವಿಮರ್ಶೆಯ ಕರ್ತವ್ಯವೆಂದು ನಾವು ಭಾವಿಸುತ್ತೇವೆ.