ಉಡುಪಿಗೆ ನಿಷೇಧ, ಪದಕ್ಕೆ ಆಶ್ರಯ

ಮೈಗೆ ಬಿಗಿಯಾಗದ, ಗಾಳಿಯಾಡುವ ಉಡುಪನ್ನು ಸ್ಪ್ಯಾನಿಷ್ ಭಾಷೆಯಲ್ಲಿ ‘ಓಲ್ಗಾದೊ’ ಎನ್ನುತ್ತಾರೆ. ವಿರಮಿಸು ಎಂಬರ್ಥದ ‘ಓಲ್ಗಾರ್’ ಅದರ ಮೂಲ. ಕೊರತೆಯಿಲ್ಲದ ಬದುಕಿಗೂ ಇದೇ ಪದ. ಆದರೆ ಇದೇ ಮೂಲದ ‘ಓಲ್ಗಸಾನ್’ ಎಂದರೆ ಸೋಮಾರಿ. ಸಡಿಲತೆ ಒಮ್ಮೆ ನೆಮ್ಮದಿ, ಒಮ್ಮೆ ಮೈಗಳ್ಳತನ.

ಇನ್ನು ಉಡುಪುಗಳ ಹೆಸರುಗಳನ್ನು ನೋಡೋಣ. ದೊಗಳೆ ಷರಾಯಿಗೆ ‘ಸರಗ್ವೆಯೆಸ್’. ಇದು ಅರಬಿಯ ‘ಸರಾವೀಲ್’, ನಮ್ಮ ಸಲ್ವಾರಿನ ಬಂಧು. ಟೊಪ್ಪಿಗೆಯಿರುವ ನಿಲುವಂಗಿ ‘ಅಲ್ಬೊರ್ನೋಸ್’ ಅರಬಿಯ ‘ಬುರ್ನುಸ್’. ‘ಅಲ್ಹೂಬಾ’ ಎಂಬ ಅಂಗಿಯ ಮೂಲ ‘ಜುಬ್ಬ’. ಕನ್ನಡದ ಜುಬ್ಬವೂ ಅಲ್ಲಿಂದಲೇ ಬಂದದ್ದು. ಹೆಂಗಸರು ಮೈತುಂಬ ಹೊದೆಯುತ್ತಿದ್ದ ಬಟ್ಟೆ ‘ಅಲ್ಮಲಾಫಾ’.

ಇವನ್ನೆಲ್ಲ ‘ಅರಬಿಯ ಕೊಡುಗೆ’ ಎಂದು ಹೇಳಿ ಮುಗಿಸುವುದು ವಾಡಿಕೆ. ಆದರೆ ಕೊಟ್ಟವರ ಗತಿ ಏನಾಯಿತು? 1567ರಲ್ಲಿ ದೊರೆ ಎರಡನೆಯ ಫಿಲಿಪ್‌ನ ಆಜ್ಞೆಯು ಗ್ರನಾಡದ ಮೊರಿಸ್ಕೊಗಳ, ಅಂದರೆ ಬಲವಂತದಿಂದ ಕ್ರೈಸ್ತರಾಗಿದ್ದ ಮುಸ್ಲಿಮರ ಸಂತತಿಯ, ಅರಬಿ ಭಾಷೆಯನ್ನೂ ಉಡುಪನ್ನೂ ಹೆಂಗಸರ ಮುಸುಕನ್ನೂ ನಿಷೇಧಿಸಿತು. ಅವರ ಪರವಾಗಿ ವೃದ್ಧ ಫ್ರಾನ್ಸಿಸ್ಕೊ ನುನ್ಯೆಸ್ ಮುಲೆಯ್ ಮನವಿ ಸಲ್ಲಿಸಿದ. ಇದು ನಾಡಿನ ಉಡುಪೇ ಹೊರತು ಧರ್ಮದ ಗುರುತಲ್ಲ, ಪೂರ್ವದ ನಾಡುಗಳ ಕ್ರೈಸ್ತರೂ ಅಲ್ಲಿಯವರಂತೆಯೇ ಉಡುತ್ತಾರಲ್ಲವೇ ಎಂಬುದು ಅವನ ವಾದ. ಆಳುವವರು ಕಿವಿಗೊಡಲಿಲ್ಲ. 1568ರಲ್ಲಿ ದಂಗೆಯಾಯಿತು. 1609ರಿಂದ 1614ರ ನಡುವೆ ಮೊರಿಸ್ಕೊಗಳನ್ನು ಸ್ಪೇನಿನಿಂದಲೇ ಹೊರದಬ್ಬಲಾಯಿತು.

ಆ ಶತಮಾನದಲ್ಲೇ ಕ್ರೈಸ್ತ ಸರದಾರರು ‘ಮರ್ಲೋತಾ’ ಎಂಬ ಮೂರಿಶ್ ನಿಲುವಂಗಿ ತೊಟ್ಟು ಕುದುರೆಯ ಮೇಲೆ ಕೋಲಿನ ಕಾಳಗವಾಡುತ್ತಿದ್ದರು. ಪ್ರಭುಗಳ ಮೈಮೇಲೆ ಅದು ಸೊಗಸು. ಸೋತವರು ತಮ್ಮದನ್ನು ತೊಟ್ಟರೆ ಅಪರಾಧ. ಅಧಿಕಾರದ ಸಿಟ್ಟು ಬಟ್ಟೆಯ ಮೇಲಲ್ಲ, ಅದನ್ನು ಉಟ್ಟವರ ಮೇಲೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇಂದು ‘ಸರಗ್ವೆಯೆಸ್’ ಮುರ್ಸಿಯಾ ಮತ್ತು ವಲೆನ್ಸಿಯಾದ ಹಬ್ಬಗಳಲ್ಲಿ ಮೆರೆಯುವ ಜನಪದ ಉಡುಗೆ. ‘ಅಲ್ಬೊರ್ನೋಸ್’ ಸ್ನಾನದ ನಂತರ ತೊಡುವ ಅಂಗಿ. ‘ಅಲ್ಮಲಾಫಾ’ ಮಾತ್ರ ನಿಘಂಟಿನ ಪುಟ ಬಿಟ್ಟು ಹೊರಬರಲಿಲ್ಲ. ಗಂಡಸಿನ ಷರಾಯಿಗೆ ಪರಂಪರೆಯ ಪಟ್ಟ ಸಿಕ್ಕಿತು; ಹೆಣ್ಣಿನ ಹೊದಿಕೆಗೆ ಸಿಗಲಿಲ್ಲ.

ಪದಗಳು ಉಳಿದಿರುವುದನ್ನೇ ಸಹಬಾಳ್ವೆಗೆ ಪುರಾವೆಯೆಂದು ಕೊಂಡಾಡುವವರು ಈ ವ್ಯತ್ಯಾಸವನ್ನು ಗಮನಿಸಬೇಕು. ಭಾಷೆಯು ಆ ಹೆಸರುಗಳನ್ನು ಇಟ್ಟುಕೊಂಡಿತು, ರಾಜ್ಯವು ಆ ಜನರನ್ನು ಇಟ್ಟುಕೊಳ್ಳಲಿಲ್ಲ. ‘ಕೊಡುಗೆ’ ಎಂದು ಬರೆಯುವವರು ಇದನ್ನೂ ಜೊತೆಯಲ್ಲೇ ಬರೆಯುವುದು ನ್ಯಾಯ.